ಕ್ಲಚ್ ಪೈಪ್ ಸೋರಿದರೆ ಎಂಜಿನ್ ಆಯಿಲ್ ಸುರಿಯಬಹುದೇ? ಮನೆಯಲ್ಲೇ ರಿಪೇರಿ ಎಲ್ಲಿಯವರೆಗೆ ಸರಿ?

ರಾಣೆಬೆನ್ನೂರು ಕಡೆಯಿಂದ ತುಂಗಭದ್ರಾ ಸೇತುವೆ ದಾಟಿ ಹರಿಹರಕ್ಕೆ ಬಂದಿದ್ದೀರಿ. ದಾವಣಗೆರೆಗೆ ಇನ್ನು ಸುಮಾರು 14 ಕಿ.ಮೀ. ಗೇರ್ ಬದಲಿಸಲು ಕ್ಲಚ್ ಒತ್ತಿದರೆ ಪೆಡಲ್ ನೆಲಕ್ಕೆ ಕೂತುಬಿಟ್ಟಿತು. ಮೊಬೈಲ್ ತೆಗೆದರೆ ಸಲಹೆಗಳಿಗೆ ಬರವಿಲ್ಲ: ಎಂಜಿನ್ ಆಯಿಲ್ ಸುರಿಯಿರಿ, ಸೋಪಿನ ನೀರು ಸಾಕು, ಪೈಪಿಗೆ ಅಂಟು ಹಚ್ಚಿ ಟೇಪ್ ಸುತ್ತಿ. ಇವುಗಳಲ್ಲಿ ನಿಜ ಎಷ್ಟು?

ಹೈಡ್ರಾಲಿಕ್ ಕ್ಲಚ್ ಎಂದರೇನು?

ಹಲವು ಸಣ್ಣ ಕಾರು, ಬೈಕ್‌ಗಳಲ್ಲಿ ಕ್ಲಚ್ ಎಳೆಯುವುದು ಕೇಬಲ್. ಆದರೆ ಅನೇಕ ಕಾರು, ಜೀಪು, ಲಾರಿಗಳಲ್ಲಿ ಆ ಕೆಲಸ ಮಾಡುವುದು ಪೈಪಿನೊಳಗಿನ ದ್ರವ. ಪೆಡಲ್ ಬಳಿ ಮಾಸ್ಟರ್ ಸಿಲಿಂಡರ್, ಗೇರ್‌ಬಾಕ್ಸ್ ಬಳಿ ಸ್ಲೇವ್ ಸಿಲಿಂಡರ್, ನಡುವೆ ಪೈಪು. ಶಾಲೆಯಲ್ಲಿ ಓದಿದ ಪ್ಯಾಸ್ಕಲ್ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ಕಾಲಿನಿಂದ 10 ಕಿಲೋ ಬಲ ಹಾಕಿದರೆ, ಪೆಡಲ್ ಸನ್ನೆಗೋಲಿನಂತೆ ಅದನ್ನು ಐದು ಪಟ್ಟು ಮಾಡಿ 50 ಕಿಲೋ ಆಗಿಸುತ್ತದೆ. ಅದು 2 ಚದರ ಸೆಂ.ಮೀ. ಪಿಸ್ಟನ್ ಮೇಲೆ ಬಿದ್ದರೆ ಪ್ರತಿ ಚದರ ಸೆಂ.ಮೀ.ಗೆ 25 ಕಿಲೋ, ಅಂದರೆ ಸುಮಾರು 355 ಪಿಎಸ್‌ಐ. ಕಾರಿನ ಟೈರಿಗೆ ನಾವು ಹಾಕಿಸುವ ಗಾಳಿ 32 ಪಿಎಸ್‌ಐ ಆಸುಪಾಸು. ಹತ್ತು ಪಟ್ಟಿಗೂ ಹೆಚ್ಚಿನ ಈ ಒತ್ತಡವನ್ನು ಅಂಟು, ಟೇಪು ತಡೆಯಲಾರವು.

ಎಂಜಿನ್ ಆಯಿಲ್ ಹಾಕಿದರೆ ಏನಾಗುತ್ತದೆ?

ಹೆಚ್ಚಿನ ವಾಹನಗಳ ಕ್ಲಚ್‌ಗೆ ಬಳಸುವುದು ಬ್ರೇಕ್ ಆಯಿಲ್ಲೇ: ಡಾಟ್ 3 ಅಥವಾ ಡಾಟ್ 4. ಹೆಸರಿನಲ್ಲಿ ಆಯಿಲ್ ಇದ್ದರೂ ಇದು ಗ್ಲೈಕಾಲ್ ಆಧಾರಿತ ದ್ರವ, ಎಂಜಿನ್ ಆಯಿಲ್‌ನಂಥ ಎಣ್ಣೆಯಲ್ಲ. ಇದಕ್ಕೆಂದೇ ಮಾಡಿದ ರಬ್ಬರ್ ಸೀಲ್‌ಗಳಿಗೆ ಎಂಜಿನ್ ಆಯಿಲ್ ತಾಗಿದರೆ ಅವು ಊದಿಕೊಂಡು ಮೆತ್ತಗಾಗುತ್ತವೆ.

ನಿಜವಾದ ಅಪಾಯ ಬೇರೆಯೇ ಇದೆ. ಅನೇಕ ಕಾರುಗಳಲ್ಲಿ ಬ್ರೇಕ್ ಮತ್ತು ಕ್ಲಚ್ ಎರಡಕ್ಕೂ ಒಂದೇ ಡಬ್ಬಿ. ಕ್ಲಚ್‌ಗೆಂದು ಸುರಿದ ಎಂಜಿನ್ ಆಯಿಲ್ ಬ್ರೇಕಿಗೂ ಹೋಗುತ್ತದೆ. ಕೆಟ್ಟದ್ದು ಕ್ಲಚ್, ಕೈಕೊಡುವುದು ಬ್ರೇಕ್! ಸೋಪಿನ ನೀರೂ ಬೇಡ. ಅದು ತುಕ್ಕು ಹಿಡಿಸುತ್ತದೆ. ನೀರು 100 ಡಿಗ್ರಿಗೇ ಕುದಿಯುತ್ತದೆ. ಹೊಸ ಡಾಟ್ 4 ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕು. ಗಾಳಿಯ ತೇವ ಹೀರಿ 3.7% ನೀರು ಸೇರಿದರೆ ಈ ಮಿತಿಯೇ 155 ಡಿಗ್ರಿಗೆ ಇಳಿಯುತ್ತದೆ. ಆದ್ದರಿಂದಲೇ ತೆರೆದಿಟ್ಟ ಹಳೆಯ ಡಬ್ಬಿಯ ದ್ರವ ಬಳಸಬಾರದು.

ಡಾಟ್ 5 ಇನ್ನೂ ಒಳ್ಳೆಯದು ಎಂಬುದೂ ತಪ್ಪು. ಅದು ಸಿಲಿಕೋನ್ ದ್ರವ, ಉಳಿದವುಗಳ ಜೊತೆ ಬೆರೆಯುವುದಿಲ್ಲ. ಕೆಲವು ಬೈಕ್‌ಗಳ ಕ್ಲಚ್‌ಗೆ ಮಿನರಲ್ ಆಯಿಲ್ಲೇ ಬೇಕು. ಮುಚ್ಚಳದ ಮೇಲೆ ಬರೆದದ್ದೇ ಕೊನೆಯ ಮಾತು.

ಬೆಸುಗೆ ಹಾಕಿಸಬಹುದೇ?

1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳಿಂದ ಹೆಸರಾದ ಊರು ಹರಿಹರ. ಕಬ್ಬಿಣದ ಕೆಲಸ ಬಲ್ಲ ಕೈಗಳಿರುವ ಊರಿನಲ್ಲಿ ಪೈಪಿಗೆ ಬೆಸುಗೆ ಹಾಕಿಸುವ ಯೋಚನೆ ಬರುವುದು ಸಹಜ. ಆದರೆ ಈ ಪೈಪಿನ ಗೋಡೆ ತೆಳು, ಎಂಜಿನ್ ಸದಾ ನಡುಗುತ್ತದೆ. ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರುಕು ಬಿಡಬಹುದು. ಫ್ರಿಜ್ಜಿನ ತಾಮ್ರದ ಪೈಪೂ ನಡುಗಿ ನಡುಗಿ ಸೀಳುತ್ತದೆ. ಅದೇ ಮಾಡೆಲ್‌ನ ಹೊಸ ಪೈಪ್ ಹಾಕುವುದೇ ಸರಿ.

ಮನೆಯಲ್ಲಿ ಏನು ಮಾಡಬಹುದು?

ಮೊದಲು ಸೋರಿಕೆ ಎಲ್ಲಿ ಎಂದು ನೋಡಿ. ಪೆಡಲ್ ಹಿಂದೆ ಒದ್ದೆಯಿದ್ದರೆ ಮಾಸ್ಟರ್ ಸಿಲಿಂಡರ್ ಮೇಲೆ ಅನುಮಾನ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ಕೆಳಗೆ ತೊಟ್ಟಿಕ್ಕುತ್ತಿದ್ದರೆ ಒಳಗಿನ ಸ್ಲೇವ್ ಸಿಲಿಂಡರ್ ಇರಬಹುದು. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು, ಅದು ಗ್ಯಾರೇಜಿನ ಕೆಲಸ. ಹೊರಗಿನ ಪೈಪ್ ಮಾತ್ರ ಸೋರುತ್ತಿದ್ದರೆ, ಕೆಲಸ ಬಲ್ಲವರು ಮನೆಯಲ್ಲೇ ಬದಲಿಸಬಹುದು:

1. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಡಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಇರಲೇಬೇಕು.
2. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಹಾಕಿ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ಚೆಲ್ಲಿದರೆ ತಕ್ಷಣ ನೀರು ಹಾಕಿ.
3. ಹೊಸ ಪೈಪನ್ನು ಹಳೆಯ ದಾರಿಯಲ್ಲೇ ಕೂರಿಸಿ, ಬಿಸಿ ಸೈಲೆನ್ಸರ್ ಪೈಪಿಗೆ ತಾಗದಿರಲಿ. ಹಳೆಯ ವಾಷರ್, ಓ-ರಿಂಗ್ ಮತ್ತೆ ಬಳಸಬೇಡಿ.
4. ಏರ್ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಬ್ಲೀಡ್ ನಿಪ್ಪಲ್ ಸಡಿಲಿಸಲಿ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೇ ಮಾಡಿ. ಡಬ್ಬಿ ಬರಿದಾಗದಂತೆ ನೋಡಿಕೊಳ್ಳಿ.
5. ಎಂಜಿನ್ ಆಫ್ ಇಟ್ಟು ಒಂದು ನಿಮಿಷ ಪೆಡಲ್ ಒತ್ತಿ ಹಿಡಿದು, ಸೋರಿಕೆ ನೋಡಿ. ಬ್ರೇಕ್ ಪೆಡಲ್ ಗಟ್ಟಿಯಾಗಿದೆಯೇ ಎಂದೂ ಪರೀಕ್ಷಿಸಿ.

ಬ್ರೇಕ್ ಪೆಡಲ್ ಮೆತ್ತಗಿದ್ದರೆ, ಬ್ರೇಕ್ ದೀಪ ಉರಿಯುತ್ತಿದ್ದರೆ ಗಾಡಿ ಓಡಿಸಬೇಡಿ. ಮೆಕ್ಯಾನಿಕ್‌ನನ್ನು ಕರೆಸಿ ಅಥವಾ ಟೋ ಮಾಡಿಸಿ. ಹಳೆಯ ದ್ರವವನ್ನು ಚರಂಡಿಗೆ ಚೆಲ್ಲದೆ, ಬಾಟಲಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಕೊನೆಯ ಮಾತು: ಹೊರಗಿನ ಪೈಪ್ ಬದಲಿಸುವುದು ಮನೆಯಲ್ಲಿ ಸಾಧ್ಯ. ಎಂಜಿನ್ ಆಯಿಲ್, ಸೋಪಿನ ನೀರು, ಟೇಪಿನ ಸಲಹೆಗಳು ತಪ್ಪು. ಅಂಥ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮೊದಲು ನೆನಪಿಡಿ, ಅದನ್ನು ನಂಬಿ ಹೆದ್ದಾರಿಗಿಳಿಯುವವರು ನಿಮ್ಮ ಮನೆಯವರೇ ಆಗಿರಬಹುದು.