ಒಲೆಯ ಬೆಂಕಿ, ಬಯಲಿನ ಬೆಂಕಿ

ಹೆಣ್ಣುಮಕ್ಕಳನ್ನು ಕಾಡಿಗೆ ಕರೆದೊಯ್ದು, ಸರೋವರದ ದಡದಲ್ಲಿ ಡೇರೆ ಹಾಕಿಸಿ, ಸೌದೆ ಆಯಿಸುವುದರಿಂದ ಯಾವ ಪುರುಷಾರ್ಥ ಸಾಧಿಸಿದಂತಾಯಿತೆಂದು ಕೇಳುವವರು ಇಂದಿಗೂ ಇದ್ದಾರೆ. ಮನೆಯಲ್ಲಿಯೇ ಇರುವ ಕೆಲಸಕ್ಕೆ ಅಷ್ಟು ದೂರ ಹೋಗಬೇಕೆ ಎಂಬುದು ಅವರ ಆಕ್ಷೇಪ. ಅದು ತಳ್ಳಿಹಾಕುವಂಥದಲ್ಲ, ಉತ್ತರಕ್ಕೆ ಅರ್ಹವಾದುದು.

ಅಮೆರಿಕದ ಮೇನ್ ಸಂಸ್ಥಾನದ ಸೆಬಾಗೊ ಸರೋವರದ ತೀರದಲ್ಲಿ ಲೂಥರ್ ಗುಲಿಕ್ ಎಂಬ ವೈದ್ಯರೂ ಅವರ ಪತ್ನಿ ಷಾರ್ಲಟ್ ಅವರೂ 1907ರಲ್ಲಿ ಹುಡುಗಿಯರಿಗಾಗಿ ಬೇಸಗೆಯ ಶಿಬಿರವೊಂದನ್ನು ತೆರೆದರು. ಕೆಲಸ, ಆರೋಗ್ಯ, ಪ್ರೀತಿ ಎಂಬರ್ಥದ ಮೂರು ಇಂಗ್ಲಿಷ್ ಪದಗಳ ಮೊದಲ ಎರಡೆರಡು ಅಕ್ಷರಗಳನ್ನು ಕೂಡಿಸಿ ಅದಕ್ಕೆ 'ವೊಹೀಲೊ' ಎಂದು ಹೆಸರಿಟ್ಟರು. 1910ರಲ್ಲಿ ಆ ದಂಪತಿಗಳ ಪ್ರಯತ್ನದಿಂದ 'ಕ್ಯಾಂಪ್ ಫೈರ್ ಗರ್ಲ್ಸ್' ಎಂಬ ಸಂಸ್ಥೆ ರೂಪುಗೊಂಡಿತು. ಅದರಲ್ಲಿ ಹುಡುಗಿ ಏರಬೇಕಾದ ಮೆಟ್ಟಿಲುಗಳು ಮೂರು: ಸೌದೆ ಆಯುವವಳು, ಬೆಂಕಿ ಹೊತ್ತಿಸುವವಳು, ದೀವಟಿಗೆ ಹಿಡಿಯುವವಳು.

ಸಂಸ್ಥಾಪಕರ ಮನಸ್ಸಿನಲ್ಲಿದ್ದ ಬೆಂಕಿ ಗೃಹಜೀವನದ ಸಂಕೇತವೇ ಆಗಿತ್ತು. ಹೆಣ್ಣು ಮನೆಯ ಬೆಳಕಾಗಬೇಕೆಂಬುದೇ ಅವರ ಆಶಯ. ಆದರೆ ಬಯಲಿನ ಬೆಂಕಿ ಒಲೆಯ ಬೆಂಕಿಯಲ್ಲ. ಒಲೆಯ ಸ್ಥಳವನ್ನು ಅನ್ಯರು ಮೊದಲೇ ನಿಶ್ಚಯಿಸಿರುತ್ತಾರೆ. ಬಯಲಿನಲ್ಲಿ ಗಾಳಿಯ ದಿಕ್ಕನ್ನು ನೋಡಿ, ನೆಲವನ್ನು ಚೊಕ್ಕಟಮಾಡಿ, ಎಲ್ಲಿ ಹೊತ್ತಿಸಬೇಕೆಂದು ನಿರ್ಣಯಿಸುವವಳು ಅವಳೇ. ಕೊನೆಯ ಕೆಂಡವನ್ನು ನಂದಿಸುವ ಹೊಣೆಯೂ ಅವಳದೇ. ಬಡಿಸಿದ ಮೇಲೆ ಎಲ್ಲರೊಡನೆ ಕುಳಿತು ಉಣ್ಣುವವಳೂ ಅವಳೇ. ಅಮೆರಿಕದ ಸ್ತ್ರೀಯರಿಗೆ ದೇಶವ್ಯಾಪಿಯಾಗಿ ಮತದಾನದ ಹಕ್ಕು ದೊರೆತುದು 1920ರಲ್ಲಿ. ತಾಯಂದಿರು ಮತ ಹಾಕಲಾರದಿದ್ದ ಕಾಲದಲ್ಲಿ ಮಕ್ಕಳು ದೋಣಿಗೆ ಹುಟ್ಟು ಹಾಕಲು ಕಲಿತರು. ಇದು ಅಲ್ಪವಾದ ವಿದ್ಯೆಯೆಂದು ನಾನು ಭಾವಿಸಲಾರೆ.

1912ರಲ್ಲಿ ಜೂಲಿಯೆಟ್ ಗಾರ್ಡನ್ ಲೋ ಸ್ಥಾಪಿಸಿದ ಗರ್ಲ್ ಸ್ಕೌಟ್ಸ್ ಸಂಸ್ಥೆಯೂ ಇಂಥ ಅನೇಕ ಶಿಬಿರಗಳನ್ನು ಬೆಳೆಸಿತು. ಆದರೆ 2010ರ ನಂತರದ ವರ್ಷಗಳಲ್ಲಿ ಅದರ ಹಲವು ಪ್ರಾಂತೀಯ ಮಂಡಲಿಗಳು, ನಿರ್ವಹಣೆಯ ವೆಚ್ಚ ಹೆಚ್ಚಿತು, ಬರುವವರು ಕಡಿಮೆಯಾದರು ಎಂದು ಶಿಬಿರದ ಭೂಮಿಯನ್ನೇ ಮಾರಿದವು. ಒಮ್ಮೆ ಅಲ್ಲಿ ಇದ್ದು ಬಂದ ಮಹಿಳೆಯರು ಅದನ್ನು ಬಲವಾಗಿ ವಿರೋಧಿಸಿದರು. ಲೆಕ್ಕದ ಪುಸ್ತಕದಲ್ಲಿ ಮಾರಿದವರೇ ಗೆದ್ದಿರಬಹುದು. ಆದರೆ ಮಾರಿದ ಕಾಡನ್ನು ಮತ್ತೆ ಕೊಳ್ಳುವುದು ಸುಲಭವಲ್ಲ. ಬಾಲಿಕೆಯೊಬ್ಬಳ ಧೈರ್ಯಕ್ಕೆ ಬೆಲೆ ಕಟ್ಟುವ ಅಂಕಣವಂತೂ ಯಾವ ಲೆಕ್ಕಪತ್ರದಲ್ಲಿಯೂ ಇಲ್ಲ.

ಈ ಮಾತು ದೂರದೇಶದ್ದೆಂದು ನಾವು ಸುಮ್ಮನಿರುವಂತಿಲ್ಲ. ದಾವಣಗೆರೆಗೆ ಸಮೀಪದ ಕೊಂಡಜ್ಜಿಯಲ್ಲಿ, ಕೆರೆಯ ಬಳಿಯಲ್ಲಿಯೇ, ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರವಿದೆ. ಸ್ಥಳವಿದ್ದರೆ ಸಾಲದು, ಅಲ್ಲಿಗೆ ಮಗಳನ್ನು ಕಳುಹಿಸುವ ಮನಸ್ಸೂ ಬೇಕು. ನೀರಿಗಿಳಿಯದೆ ಈಜು ಬಾರದೆಂದು ಗಂಡುಮಕ್ಕಳಿಗೆ ಹೇಳುವ ನಾವು, ಹೆಣ್ಣುಮಕ್ಕಳಿಗೆ ದಡದ ಮೇಲೆಯೇ ಎಚ್ಚರಿಕೆ ಹೇಳಿ ಮುಗಿಸುತ್ತೇವೆ. ನುರಿತ ಮೇಲ್ವಿಚಾರಕಿಯರಿರಲಿ, ಸುರಕ್ಷತೆಯ ಏರ್ಪಾಡುಗಳಿರಲಿ, ಅವು ಅವಶ್ಯ. ಅವೆಲ್ಲ ಇದ್ದೂ ಅನುಮತಿಪತ್ರಕ್ಕೆ ಸಹಿ ಹಾಕಲು ಹಿಂಜರಿಯುವ ತಂದೆತಾಯಿಗಳು, ಮಗಳನ್ನು ಯಾವ ಅಪಾಯದಿಂದ ಕಾಪಾಡುತ್ತಿದ್ದೇವೆಂದು ತಮ್ಮನ್ನೇ ಕೇಳಿಕೊಳ್ಳಲಿ.