ಹಿಡಿದ ಮೀನು, ಬಿಟ್ಟ ಮೀನು

ಮೀನು ಹಿಡಿಯುವುದು ನಮ್ಮ ಕರಾವಳಿಯಲ್ಲಿ ಹೊಟ್ಟೆಪಾಡು. ಅಮೆರಿಕದ ಫ್ಲೋರಿಡಾದಲ್ಲಿ ಹಲವರಿಗೆ ಅದು ರಜಾದಿನದ ಹವ್ಯಾಸ. ಗೆಳೆಯರೊಡನೆ ಕಯಾಕ್ ಏರಿ ಶಾರ್ಕ್‌ಗೆ ಗಾಳ ಹಾಕುವ ಸಾಹಸಿಗಳೂ ಅಲ್ಲಿದ್ದಾರೆ. ಕಯಾಕ್ ಎಂದರೆ ಒಬ್ಬಿಬ್ಬರು ಕೂರುವಷ್ಟೇ ಜಾಗವಿರುವ ಕಿರಿದಾದ ದೋಣಿ. ಹಿಂದೆ ಉತ್ತರ ಧ್ರುವದ ಕಡೆಯ ಇನ್ಯೂಟ್ ಬೇಟೆಗಾರರು ಸೀಲ್ ಚರ್ಮದಿಂದ ಮಾಡುತ್ತಿದ್ದ ಈ ದೋಣಿ ಈಗ ಹೆಚ್ಚಾಗಿ ಪ್ಲಾಸ್ಟಿಕ್ಕಿನದು. ಹುಟ್ಟೊಂದೇ ಅದರ ಆಧಾರ.

ಇಷ್ಟು ಹಗುರವಾದ ದೋಣಿಯಲ್ಲಿ ಕುಳಿತು ಮನುಷ್ಯನಿಗಿಂತ ಭಾರವಾದ ಶಾರ್ಕನ್ನು ಹಿಡಿಯುವುದಾದರೂ ಹೇಗೆ? ಗುಟ್ಟು ಆ ಹಗುರತನದಲ್ಲೇ ಇದೆ. ಗಾಳ ಕಚ್ಚಿದ ಶಾರ್ಕ್ ಓಡತೊಡಗಿದರೆ ದೋಣಿಯೂ ಅದರ ಹಿಂದೆ ಸಾಗುತ್ತದೆ. ದೋಣಿಯನ್ನು ಎಳೆದೆಳೆದು ಮೀನು ದಣಿಯುತ್ತದೆ. ಆದರೆ ನೂಲು ದೋಣಿಯ ಮುಂದಕ್ಕೇ ಇರಬೇಕು, ಪಕ್ಕಕ್ಕೆ ಸೆಳೆದರೆ ದೋಣಿ ಮಗುಚುವ ಭಯವಿದೆ. ಶಾರ್ಕ್‌ನ ಹಲ್ಲು ಹರಿತ, ಚರ್ಮ ಮರಳುಕಾಗದದಂತೆ ಒರಟು. ಆದ್ದರಿಂದ ಗಾಳದ ಬಳಿ ಲೋಹದ ತಂತಿ ಕಟ್ಟುತ್ತಾರೆ.

ಗಾಳ ಹಿಡಿದವನ ಎರಡು ಕೈಗಳಿಗೂ ಬಿಡುವಿರುವುದಿಲ್ಲ. ದಡ ಎಷ್ಟು ದೂರವಾಯಿತೆಂದು ನೋಡುವುದು, ದೋಣಿ ಮಗುಚಿದರೆ ಮೇಲೆತ್ತುವುದು ಪಕ್ಕದ ಕಯಾಕಿನ ಗೆಳೆಯನ ಕೆಲಸ. ‘ಸಾಕು, ನೂಲು ಕತ್ತರಿಸು’ ಎನ್ನುವ ಧೈರ್ಯವೂ ಅವನಿಗಿರಬೇಕು. ಹುರಿದುಂಬಿಸುವ ಗೆಳೆಯರು ಎಲ್ಲೆಡೆಯೂ ಸಿಗುತ್ತಾರೆ. ಸಾಕು ಎನ್ನುವವರು ವಿರಳ.

ಈ ಆಟದಲ್ಲಿ ಪಣಕ್ಕಿಟ್ಟಿರುವುದು ಮನುಷ್ಯನ ಜೀವವನ್ನು ಮಾತ್ರವಲ್ಲ. 2006ರ ಮೇ ತಿಂಗಳಲ್ಲಿ ಫ್ಲೋರಿಡಾದ ಬೋಕಾ ಗ್ರ್ಯಾಂಡ್ ಬಳಿ ದೊಡ್ಡ ದೋಣಿಯೊಂದರಿಂದ ಗಾಳ ಹಾಕಿದವರಿಗೆ ಸುತ್ತಿಗೆಯಂತಹ ತಲೆಯ ಶಾರ್ಕೊಂದು ಸಿಕ್ಕಿತು. ತೂಕ ಸುಮಾರು 580 ಕಿಲೋ. ಆ ಜಾತಿಯಲ್ಲಿ ಅದೊಂದು ವಿಶ್ವದಾಖಲೆ. ಮೋಟ್ ಸಾಗರ ಪ್ರಯೋಗಾಲಯದ ವಿಜ್ಞಾನಿಗಳು ಅದನ್ನು ಸೀಳಿ ನೋಡಿದಾಗ ಒಡಲಲ್ಲಿ 55 ಮರಿಗಳಿದ್ದವು!

ಇದು ಕೇವಲ ಆಕಸ್ಮಿಕವೇ? ಶಾರ್ಕ್‌ಗಳಲ್ಲಿ ಸಾಮಾನ್ಯವಾಗಿ ಗಂಡಿಗಿಂತ ಹೆಣ್ಣೇ ದೊಡ್ಡದು. ಎಲ್ಲಕ್ಕಿಂತ ದೊಡ್ಡ ಮೀನು ಬೇಕೆಂದು ಹೊರಟವರ ಗಾಳಕ್ಕೆ ತಾಯಿಯೇ ಸಿಗುವ ಸಂಭವ ಹೆಚ್ಚು. ಬೂತಾಯಿ, ಬಂಗುಡೆಗಳಂತೆ ಈ ಶಾರ್ಕ್ ಸಾವಿರಾರು ಮೊಟ್ಟೆಯಿಡುವುದಿಲ್ಲ. ಸುಮಾರು 11 ತಿಂಗಳು ಗರ್ಭ ಹೊತ್ತು ಜೀವಂತ ಮರಿಗಳನ್ನು ಹೆರುತ್ತದೆ, ಅದೂ ಎರಡು ವರ್ಷಕ್ಕೊಮ್ಮೆ. ಒಂದು ತಾಯಿ ಹೋದರೆ ಆ ಜಾಗ ತುಂಬಲು ವರ್ಷಗಳೇ ಬೇಕು.

ಫ್ಲೋರಿಡಾ ರಾಜ್ಯವು 2012ರಲ್ಲಿ ತನ್ನ ಕಡಲಿನಲ್ಲಿ ಈ ಶಾರ್ಕನ್ನು ಹಿಡಿದು ಕೊಲ್ಲುವುದನ್ನು ನಿಷೇಧಿಸಿತು. ಸಿಕ್ಕಿದರೂ ಕಿವಿರು ನೀರಿನಲ್ಲಿ ಮುಳುಗಿರುವಂತೆಯೇ ಬಿಟ್ಟುಬಿಡಬೇಕೆಂಬ ನಿಯಮ 2019ರಲ್ಲಿ ಬಂತು. ಆದರೆ ಬಿಟ್ಟ ಮಾತ್ರಕ್ಕೆ ಮೀನು ಬದುಕುತ್ತದೆಂಬ ಖಾತರಿಯಿಲ್ಲ. ಬಹಳ ಹೊತ್ತು ಸೆಣಸಿದ ಈ ಜಾತಿಯ ಶಾರ್ಕ್ ಈಜಿ ಹೋದ ಮೇಲೂ ದಣಿವಿನಿಂದ ಸಾಯುವುದುಂಟು. ಒಂದು ಫೋಟೋಕ್ಕಾಗಿ ತಡ ಮಾಡುವುದು ಅದರ ಆಯುಷ್ಯವನ್ನೇ ಕಸಿದಂತೆ.

ಶಾರ್ಕ್ ನಮ್ಮ ಅಡುಗೆಮನೆಗೂ ಹೊಸದಲ್ಲ. ಎದೆಹಾಲು ಹೆಚ್ಚಲೆಂದು ಬಾಣಂತಿಗೆ ಎಳೆಯ ತಾಟೆ ಮೀನಿನ ಸಾರು ಮಾಡಿಕೊಡುವ ರೂಢಿ ಕರಾವಳಿಯಲ್ಲಿದೆ. ತಾಟೆಯೂ ಶಾರ್ಕೇ. ಶಾರ್ಕ್ ಮಾಂಸದಲ್ಲಿ ಪಾದರಸದ ಅಂಶ ಹೆಚ್ಚಿರುವುದರಿಂದ ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಅದನ್ನು ತಿನ್ನಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಚ್ಚರಿಸಿದೆ. ಮೀನು ದೊಡ್ಡದಾದಷ್ಟೂ, ವಯಸ್ಸಾದಷ್ಟೂ ಪಾದರಸ ಹೆಚ್ಚುತ್ತದೆ. ಮನೆಯ ಹಿರಿಯರು ಇದನ್ನು ಗಮನಿಸಬೇಕು. ಬಾಣಂತಿಗೆ ಬೂತಾಯಿಯ ಸಾರು ಸಾಕು.

ದೊಡ್ಡದನ್ನು ಗೆಲ್ಲಲು ತೋಳಿನ ಬಲ ಬೇಕು. ಗೆದ್ದದ್ದನ್ನು ಬಿಟ್ಟುಕೊಡಲು ಮನಸ್ಸಿನ ಬಲ ಬೇಕು. ನಮ್ಮ ಮಕ್ಕಳಿಗೆ ಮೊದಲನೆಯದನ್ನು ಕಲಿಸುವವರು ಹೊರಗೆ ಬಹಳ ಮಂದಿ ಇದ್ದಾರೆ. ಎರಡನೆಯದನ್ನು ಮನೆಯಲ್ಲೇ ಕಲಿಸಬೇಕು.