ಸಮವರ್ತಿ ಎಂಬ ಮಾತು

ಹೊಸನಗರದ ಕಡೆಯ ಮಹನೀಯರೊಬ್ಬರು ನಮ್ಮನ್ನು ಕೇಳಿರುವರು: ಅರಣ್ಯವು ‘ಸಮವರ್ತಿ ಪಟ್ಟಿ’ಯಲ್ಲಿದೆಯೆಂದರೆ ಅರ್ಥವೇನು? ನಿಘಂಟಿನಲ್ಲಿ ನೋಡಿದರೆ ಸಮವರ್ತಿಯೆಂದರೆ ಯಮನಂತೆ! ಅವರು ಬೆದರಬೇಕಾದುದಿಲ್ಲ. ಸರ್ವರಲ್ಲಿಯೂ ಸಮನಾಗಿ ನಡೆಯುವವನಾದ್ದರಿಂದ ಅಮರಕೋಶವು ಯಮನಿಗೆ ಆ ಹೆಸರನ್ನಿತ್ತಿತು. ಭಾಷಾಂತರಕಾರರು ಅದನ್ನೇ ‘ಕನ್‌ಕರೆಂಟ್’ ಎಂಬ ಶಬ್ದಕ್ಕೆ ತೊಡಿಸಿದರು. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ಜೊತೆಗೂಡಿ ಓಡುವುದೆಂದಷ್ಟೇ ಅರ್ಥ.

ಈ ಓಟವನ್ನು ಒಂದೊಂದು ಶಾಸ್ತ್ರವು ಒಂದೊಂದು ಬಗೆಯಾಗಿ ತಿಳಿದಿದೆ. ರೇಖಾಗಣಿತದವರಿಗೆ ಮೂರು ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡಿದರೆ ಸಾಕು. ಎರಡು ಮತ್ತು ಮೂರು ವರ್ಷಗಳ ಸಜೆಗಳನ್ನು ನ್ಯಾಯಾಧೀಶರು ಏಕಕಾಲದಲ್ಲಿ ಅನುಭವಿಸತಕ್ಕದ್ದೆಂದು ವಿಧಿಸಿದರೆ, ಅಪರಾಧಿಗೆ ಐದಲ್ಲ, ಮೂರೇ ವರ್ಷ. ಗಣಕಯಂತ್ರದವರ ಅರ್ಥವನ್ನು ನಮ್ಮ ಗೃಹಿಣಿಯರು ಬೇಗನೆ ಗ್ರಹಿಸುವರು. ಅನ್ನ ಬೇಯುತ್ತಿರುವಾಗ ಕಾಯಿ ತುರಿದು, ನಡುವೆ ಹಾಲುಕ್ಕದಂತೆ ನೋಡಿ, ಮತ್ತೆ ತುರಿಮಣೆಗೆ ಬರುವವಳು ಒಬ್ಬಳೇ. ಕೆಲಸಗಳು ಮಾತ್ರ ಮೂರೂ ಒಟ್ಟಿಗೆ ಸಾಗುವುವು. ಯಂತ್ರವೂ ಹೀಗೆಯೇ ಸರದಿಯ ಮೇಲೆ ಹಲವು ಕೆಲಸಗಳನ್ನು ನಡೆಸುತ್ತದೆ. ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಹುಳಿಗೆ ಉಪ್ಪು ಹಾಕುವಂಥ ಪ್ರಮಾದವೂ ಅಲ್ಲಿ ಉಂಟು.

ಇನ್ನು ಅರಣ್ಯದ ಮಾತು. 1950ರ ಸಂವಿಧಾನದಲ್ಲಿ ಅರಣ್ಯವು ರಾಜ್ಯಗಳ ಪಾಲಿಗಿತ್ತು. 1976ರ 42ನೆಯ ತಿದ್ದುಪಡಿಯು ಅದನ್ನು ಸಮವರ್ತಿ ಪಟ್ಟಿಗೆ ತಂದಿತು. ಎಂದರೆ ಕೇಂದ್ರ, ರಾಜ್ಯಗಳೆರಡೂ ಶಾಸನ ಮಾಡಬಹುದು. ವಿರೋಧ ಬಂದಲ್ಲಿ ಸಾಮಾನ್ಯವಾಗಿ ಕೇಂದ್ರದ್ದೇ ಮೇಲು. ಯಮನ ಸಮತ್ವ ಇಲ್ಲಿಲ್ಲವೆಂದು ಹೇಳದೆ ವಿಧಿಯಿಲ್ಲ.

ಇದರ ಬಿಸಿ ಮಲೆನಾಡಿಗೆ ಚೆನ್ನಾಗಿ ತಟ್ಟಿದೆ. ಶರಾವತಿಯು ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರ ಸೀಮೆಯ ಜೋಗದಲ್ಲಿ ಧುಮುಕುತ್ತದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಮನೆ, ಗದ್ದೆ, ತೋಟಗಳನ್ನು ಬಿಟ್ಟುಕೊಟ್ಟವರನ್ನು ಕಾಡಿನ ನೆಲಗಳಲ್ಲಿ ನೆಲೆಗೊಳಿಸಲಾಯಿತು. ನಾಡಿಗೆ ದೀಪ ಬಂದಿತು. ಅವರಲ್ಲಿ ಅನೇಕರ ಭೂಮಿಯು ಮಾತ್ರ ದಫ್ತರದಲ್ಲಿ ಅರಣ್ಯವಾಗಿಯೇ ಉಳಿಯಿತು. ಅಷ್ಟರಲ್ಲಿ 1980ರ ಅರಣ್ಯ ಸಂರಕ್ಷಣಾ ಶಾಸನವು ಬಂದು, ಅಂಥ ನೆಲವನ್ನು ಬಿಡುಗಡೆ ಮಾಡಲು ಕೇಂದ್ರದ ಪೂರ್ವಾನುಮತಿ ಬೇಕೆಂದಿತು. ಈ ಅನುಮತಿಯಿಲ್ಲದೆ ರಾಜ್ಯವು ಸಂತ್ರಸ್ತರಿಗಾಗಿ ಮಾಡಿದ್ದ ಬಿಡುಗಡೆಯು 2021ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಕಾಡು ಉಳಿಯಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ನಾಡಿಗಾಗಿ ಮುಳುಗಿದವರ ಮೊಮ್ಮಕ್ಕಳನ್ನು ಒತ್ತುವರಿದಾರರೆನ್ನುವುದು ನಮಗೆ ನ್ಯಾಯವಾಗಿ ತೋರದು.

ನಮ್ಮ ಮಿತ್ರರು ತಮ್ಮ ಹಕ್ಕುಪತ್ರದ ತಾರೀಖನ್ನು ಮೊದಲು ನೋಡಲಿ. ಅದು 1980ರ ಈಚಿನದಾಗಿದ್ದು ನೆಲವು ಅರಣ್ಯವೆಂದು ದಾಖಲಾಗಿದ್ದರೆ, ರಾಜ್ಯದ ಆಜ್ಞೆಯ ಜೊತೆಗೆ ಕೇಂದ್ರದ ಅನುಮತಿಪತ್ರವೂ ಇದೆಯೇ ಎಂದು ವಿಚಾರಿಸತಕ್ಕದ್ದು.